ವಿಂಡೋಗಳ ಜೋಡಣೆಯನ್ನು ತಂತ್ರಾಂಶ ತಾನಾಗಿಯೇ ನೆನಪಿಟ್ಟುಕೊಳ್ಳಬೇಕೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪುಟಗಳನ್ನು ನೋಡಿಕೊಂಡು ಪಠ್ಯ ತಿದ್ದುವವರಿಗಾಗಿ ವಿಂಡೋ, ಬಟನ್‌ಗಳನ್ನು ಕಟ್ಟಲು ನೆರವಾಗುವ ಕ್ಯೂಟಿ (Qt) ಲೈಬ್ರರಿ ಬಳಸಿ ಒಂದು ಚಿಕ್ಕ ತಂತ್ರಾಂಶವನ್ನು ಬರೆದಿದ್ದೇನೆ. ಎಡಕ್ಕೆ ಸ್ಕ್ಯಾನ್ ಪುಟ, ಬಲಕ್ಕೆ ಪಠ್ಯ, ಕೆಳಗೆ ಟಿಪ್ಪಣಿಗಳ ಪ್ಯಾನೆಲ್. ಪ್ಯಾನೆಲ್‌ಗಳನ್ನು ಎಳೆದು ಬೇರೆ ಕಡೆ ಇಡಬಹುದು, ಮುಚ್ಚಲೂಬಹುದು. ಸಂಜೆ ಮುಚ್ಚುವಾಗ ಹೇಗಿತ್ತೋ ಮರುದಿನವೂ ಹಾಗೆಯೇ ತೆರೆದುಕೊಳ್ಳಲಿ ಎಂದು ವಿಂಡೋದ ಸ್ಥಾನ, ಅಳತೆ, ಪ್ಯಾನೆಲ್‌ಗಳ ಜೋಡಣೆ ಎಲ್ಲವನ್ನೂ ತಾನಾಗಿಯೇ ಉಳಿಸುವಂತೆ ಮಾಡಿದ್ದೆ. ಇದರಿಂದ ಬಳಸುವವರಿಗೆ ಅನುಕೂಲವಾಗುತ್ತದೆ ಎಂದೇ ನಂಬಿದ್ದೆ.

ಕಳೆದ ತಿಂಗಳು ನಡೆದ ಎರಡು ಪ್ರಸಂಗಗಳು ಆ ನಂಬಿಕೆಯನ್ನು ಅಲುಗಾಡಿಸಿವೆ. ನಿವೃತ್ತ ಮೇಷ್ಟ್ರೊಬ್ಬರು ಸ್ಕ್ಯಾನ್ ಪ್ಯಾನೆಲ್ಲಿನ ಮೂಲೆಯಲ್ಲಿರುವ ಗುಣಾಕಾರದ ಗುರುತನ್ನು ಕೈತಪ್ಪಿ ಒತ್ತಿದ್ದಾರೆ. ‘ಪುಟವೇ ಬರುತ್ತಿಲ್ಲವಲ್ಲಪ್ಪಾ’ ಎಂದು ನನಗೆ ಫೋನ್ ಮಾಡುವ ಹೊತ್ತಿಗೆ ಅವರು ತಂತ್ರಾಂಶವನ್ನು ಎರಡು ಸಲ ತೆಗೆದುಹಾಕಿ ಮತ್ತೆ ಹಾಕಿಕೊಂಡಿದ್ದರು. ಜೋಡಣೆಯ ವಿವರ, ತಂತ್ರಾಂಶಗಳ ಸೆಟ್ಟಿಂಗ್ಸನ್ನು ವಿಂಡೋಸ್ ಬರೆದಿಡುವ ರಿಜಿಸ್ಟ್ರಿಯಲ್ಲಿ ಹಾಗೆಯೇ ಉಳಿದಿದ್ದರಿಂದ ಪ್ರತಿ ಸಲವೂ ಪುಟವಿಲ್ಲದ ಪರದೆಯೇ ತೆರೆದುಕೊಂಡಿತ್ತು. ಮತ್ತೊಬ್ಬರು ಮನೆಯಲ್ಲಿ ಲ್ಯಾಪ್‌ಟಾಪಿನ ಎಡಕ್ಕೆ ಇನ್ನೊಂದು ಮಾನಿಟರ್ ಇಟ್ಟುಕೊಂಡು ಕೆಲಸ ಮಾಡಿ, ಮರುದಿನ ಲ್ಯಾಪ್‌ಟಾಪನ್ನು ಮಾತ್ರ ಊರಿಗೆ ಒಯ್ದಿದ್ದಾರೆ. ಅಲ್ಲಿ ತೆರೆದಾಗ ಟಾಸ್ಕ್‌ಬಾರಿನಲ್ಲಿ ಐಕಾನ್ ಇದ್ದರೂ ವಿಂಡೋ ಮಾತ್ರ ಎಲ್ಲಿಯೂ ಕಾಣಲಿಲ್ಲವಂತೆ.

ನೆನಪಿಡುವ ಕೆಲಸವನ್ನೇ ಕೈಬಿಟ್ಟು, ಬೇಕಾದವರು ಸೆಟ್ಟಿಂಗ್ಸಿನಲ್ಲಿ ಆರಿಸಿಕೊಳ್ಳಲಿ ಎನ್ನುವುದು ಸರಿಯೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ಕೈಬಿಡಬೇಡಿ ಎಂದೇ ನನ್ನ ವಿನಂತಿ. ದಿನಕ್ಕೆ ಮೂರು ನಾಲ್ಕು ಗಂಟೆ ಪುಟ ತಿದ್ದುವವರು ಪ್ರತಿ ಬೆಳಿಗ್ಗೆ ಪ್ಯಾನೆಲ್‌ಗಳನ್ನು ಎಳೆದು ಕೂರಿಸಿಕೊಂಡೇ ಕೆಲಸ ಶುರು ಮಾಡಬೇಕೆಂದರೆ ಅದು ಅವರ ಸಮಯಕ್ಕೆ ಮಾಡುವ ಅನ್ಯಾಯ. ಈಮ್ಯಾಕ್ಸ್ ಎಂಬ ಪಠ್ಯ ತಿದ್ದುವ ತಂತ್ರಾಂಶದಲ್ಲಿ ಡೆಸ್ಕ್‌ಟಾಪ್-ಸೇವ್-ಮೋಡ್ ಎಂಬ ಸೌಲಭ್ಯವಿದೆ. 2014ರಲ್ಲಿ ಬಂದ 24.4ನೇ ಆವೃತ್ತಿಯಿಂದ ಅದು ತೆರೆದಿದ್ದ ಕಡತಗಳ ಜೊತೆಗೆ ವಿಂಡೋಗಳ ಜೋಡಣೆಯನ್ನೂ ಮರಳಿ ತರುತ್ತದೆ. ಆದರೆ ಬಳಸುವವರು ಅದನ್ನು ತಾವಾಗಿ ಚಾಲೂ ಮಾಡಿಕೊಳ್ಳಬೇಕು. ತಮ್ಮ ಕಾನ್ಫಿಗರೇಷನ್ ಕಡತವನ್ನು ತಾವೇ ಬರೆದುಕೊಳ್ಳುವ ಈಮ್ಯಾಕ್ಸ್ ಬಳಗಕ್ಕೆ ಇದು ಒಗ್ಗುತ್ತದೆ. ನಿಮ್ಮ ಮೇಷ್ಟ್ರು ಸೆಟ್ಟಿಂಗ್ಸಿನೊಳಗೆ ಇಳಿದು ಅಂಥದ್ದೊಂದನ್ನು ಹುಡುಕುವವರಲ್ಲ.

ನೀವು ಹೇಳಿದ ಎರಡು ತೊಂದರೆಗಳ ಮೂಲ ಬೇರೆ ಬೇರೆ. ವಿಂಡೋ ಕಾಣೆಯಾದದ್ದು ಲೆಕ್ಕದ ತಪ್ಪು. ವಿಂಡೋಸ್‌ನಲ್ಲಿ ಮುಖ್ಯ ಮಾನಿಟರಿನ ಮೇಲಿನ ಎಡಮೂಲೆ ಸೊನ್ನೆಯ ಬಿಂದು. ಅದರ ಎಡಕ್ಕೆ ಕೂರಿಸಿದ ಮಾನಿಟರಿನ ಅಡ್ಡ ಸ್ಥಾನಗಳೆಲ್ಲ ಋಣ ಸಂಖ್ಯೆಗಳಾಗುತ್ತವೆ. ನೀವು ಸ್ಥಾನವನ್ನು ಬಿಡಿ ಸಂಖ್ಯೆಯಾಗಿ ಬರೆದಿಟ್ಟಿರಬೇಕು; −1500 ಎಂದು ಉಳಿದದ್ದನ್ನು ಮರುದಿನ ಹಾಗೆಯೇ ಪಾಲಿಸಿದರೆ ವಿಂಡೋ ಇಲ್ಲದ ಮಾನಿಟರಿನ ಮೇಲೆ ತೆರೆದುಕೊಳ್ಳುತ್ತದೆ. ಅದರ ಬದಲು ಕ್ಯೂಟಿಯ ಸೇವ್‌ಜಿಯೊಮೆಟ್ರಿ ಮತ್ತು ರಿಸ್ಟೋರ್‌ಜಿಯೊಮೆಟ್ರಿ ಎಂಬ ಫಂಕ್ಷನ್‌ಗಳನ್ನು ಬಳಸಿ; ಮೊದಲನೆಯದು ವಿಂಡೋದ ಸ್ಥಾನ, ಅಳತೆಗಳನ್ನು ಉಳಿಸುತ್ತದೆ, ಎರಡನೆಯದು ಮರಳಿ ತರುತ್ತದೆ. ವಿಂಡೋ ಪರದೆಯಾಚೆ ಬೀಳುವಂತಿದ್ದರೆ ಎರಡನೆಯದು ಅದನ್ನು ಇರುವ ಪರದೆಯೊಳಕ್ಕೆ ಸರಿಸಿಯೇ ತೋರಿಸುತ್ತದೆ.

ಮೇಷ್ಟ್ರ ಪ್ರಸಂಗದಲ್ಲಿ ತಪ್ಪು ನೆನಪಿನದಲ್ಲ. ಸ್ಕ್ಯಾನ್ ಪುಟವಿಲ್ಲದೆ ತಿದ್ದುವುದೇ ಸಾಧ್ಯವಿಲ್ಲದಿರುವಾಗ ಆ ಪ್ಯಾನೆಲ್ಲಿಗೆ ಮುಚ್ಚುವ ಗುರುತನ್ನು ಏಕೆ ಇಟ್ಟಿರಿ? ಅದನ್ನು ತೆಗೆದುಬಿಡಿ, ಸರಿಸುವ ಅವಕಾಶ ಮಾತ್ರ ಇರಲಿ.

ಇನ್ನೊಂದು ಮಾತು. ಮುಚ್ಚುವಾಗ ಮಾತ್ರ ಉಳಿಸುತ್ತೀರಾದರೆ, ಕರೆಂಟು ಹೋಗಿ ಕಂಪ್ಯೂಟರ್ ಆರಿದ ದಿನ ಏನೂ ಉಳಿಯುವುದಿಲ್ಲ. ಜೋಡಣೆ ಬದಲಾದ ಕೆಲವು ಕ್ಷಣಗಳ ನಂತರ ಉಳಿಸುವ ಏರ್ಪಾಡು ಮಾಡಿಕೊಳ್ಳಿ.

ಎರಡನೆಯ ಉತ್ತರ

ನಾನು ಡಿಟಿಪಿ ಕೆಲಸ ಮಾಡುವವಳು. ಮೇಲಿನ ಉತ್ತರದಲ್ಲಿ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಅದು ಒಂದು ಕಂಪ್ಯೂಟರಿಗೆ ಒಬ್ಬರೇ ಇರುವ ಕಡೆಗೆ ಸರಿ. ನಮ್ಮಲ್ಲಿ ಬೆಳಿಗ್ಗೆ ಒಬ್ಬರು, ಮಧ್ಯಾಹ್ನದ ಮೇಲೆ ನಾನು ಅದೇ ಕಂಪ್ಯೂಟರಿಗೆ ಕೂರುತ್ತೇವೆ. ಲಾಗಿನ್ ಕೂಡ ಒಂದೇ. ಪುಟ ಕಟ್ಟುವಾಗ ನನ್ನ ಕಣ್ಣು ಪುಟದ ಮೇಲಿರುತ್ತದೆ, ಮೌಸ್ ಹಿಡಿದ ಕೈ ಪ್ಯಾರಾಗ್ರಾಫ್ ಪ್ಯಾನೆಲ್ ಇರುವ ಬಲಬದಿಗೆ ತಾನಾಗಿ ಹೋಗುತ್ತದೆ. ಬೆಳಗಿನವರು ಎಡಗೈ ರೂಢಿಯವರು, ಎಲ್ಲವನ್ನೂ ಎಡಕ್ಕೆ ಎಳೆದಿಟ್ಟಿರುತ್ತಾರೆ. ತಂತ್ರಾಂಶ ನಿಷ್ಠೆಯಿಂದ ನೆನಪಿಟ್ಟುಕೊಂಡದ್ದು ಅವರ ಜೋಡಣೆಯನ್ನು, ನನ್ನದನ್ನಲ್ಲ.

ಪುಟ ಕಟ್ಟುವ ಇನ್‌ಡಿಸೈನ್ ತಂತ್ರಾಂಶದಲ್ಲಿ ವರ್ಕ್‌ಸ್ಪೇಸಿಗೆ, ಅಂದರೆ ಪ್ಯಾನೆಲ್‌ಗಳ ಜೋಡಣೆಗೆ, ಒಂದು ಹೆಸರು ಕೊಟ್ಟು ಉಳಿಸಿಕೊಳ್ಳಬಹುದು, ಏನಾದರೂ ಎಡವಟ್ಟಾದರೆ ರಿಸೆಟ್ ಮಾಡಿ ಉಳಿಸಿದ ರೂಪಕ್ಕೇ ಮರಳಬಹುದು. ಚಿತ್ರ ತಿದ್ದುವ ಗಿಂಪ್‌ನಲ್ಲಿಯೂ ಒಂದು ಒಳ್ಳೆಯ ದಾರಿಯಿದೆ. ಹೊರಬರುವಾಗ ವಿಂಡೋಗಳ ಸ್ಥಾನವನ್ನು ಉಳಿಸುವ ಆಯ್ಕೆಯ ಟಿಕ್ ತೆಗೆದು, ಪಕ್ಕದಲ್ಲಿರುವ ‘ಈಗಲೇ ಉಳಿಸು’ ಎಂಬ ಅರ್ಥದ ಬಟನ್ನನ್ನು ಒಮ್ಮೆ ಒತ್ತಿದರೆ, ಆಮೇಲೆ ಯಾರು ಏನನ್ನು ಎಳೆದಾಡಿದರೂ ಮರುದಿನ ನಾವು ಉಳಿಸಿದ ಜೋಡಣೆಯೇ ಬರುತ್ತದೆ. ಕೊನೆಯ ಗಳಿಗೆಯಲ್ಲಿ ಪರದೆ ಹೇಗಿತ್ತು ಎನ್ನುವುದೇ ಬೇರೆ, ನನಗೆ ಹೇಗಿರಬೇಕು ಎನ್ನುವುದೇ ಬೇರೆ. ಅರ್ಜೆಂಟ್ ಕೆಲಸ ಬಂದಾಗ ಒಂದು ಚಿತ್ರವನ್ನು ದೊಡ್ಡದಾಗಿ ನೋಡಲೆಂದು ಎಲ್ಲವನ್ನೂ ಪಕ್ಕಕ್ಕೆ ಸರಿಸಿರುತ್ತೇನೆ. ಅದನ್ನು ನನ್ನ ಇಷ್ಟವೆಂದು ತಂತ್ರಾಂಶ ತಿಳಿದುಕೊಳ್ಳಬಾರದು.

ಮೂರನೆಯ ಉತ್ತರ

ನೆನಪನ್ನು ಎಲ್ಲಿ ಇಡುತ್ತೀರಿ ಎನ್ನುವುದನ್ನೂ ಯೋಚಿಸಿ. ನಾನು ಬಳಸುವ ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಪರದೆಯ ಜೋಡಣೆ ಕೆಲಸದ ಕಡತದೊಳಗೇ ಕೂತಿರುತ್ತದೆ. ಗೆಳೆಯರು ಕಳಿಸಿದ ಕಡತವನ್ನು ಹಾಗೆಯೇ ತೆರೆದರೆ ಅವರ ಜೋಡಣೆ ನನ್ನ ಪರದೆಯನ್ನು ಆವರಿಸುತ್ತದೆ. ತೆರೆಯುವಾಗ ‘ಲೋಡ್ ಯುಐ’ ಎಂಬ ಆಯ್ಕೆಯನ್ನು ತೆಗೆದರೆ ಮಾತ್ರ ನನ್ನದು ಉಳಿಯುತ್ತದೆ. ನಿಮ್ಮಲ್ಲಿ ಮೊದಲ ಕರಡು ಒಬ್ಬರು, ಎರಡನೆಯ ಕರಡು ಇನ್ನೊಬ್ಬರು ತಿದ್ದುವುದಾದರೆ ಕಡತ ಕೈಯಿಂದ ಕೈಗೆ ಹೋಗುತ್ತದೆ. ಆದ್ದರಿಂದ ಜೋಡಣೆ ಪುಸ್ತಕದ ಕಡತದಲ್ಲಿ ಬೇಡ, ಬಳಸುವವರ ಕಂಪ್ಯೂಟರಿನಲ್ಲಿಯೇ ಇರಲಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಸಾರೆ ಧನ್ಯವಾದಗಳು. ನನ್ನ ಊಹೆ ತಪ್ಪಿತ್ತು. ಸ್ಥಾನವನ್ನು ನಾನು ನಿಜಕ್ಕೂ ಎರಡು ಬಿಡಿ ಸಂಖ್ಯೆಗಳಾಗಿಯೇ ಬರೆದಿಟ್ಟಿದ್ದೆ. ತಾನಾಗಿ ಉಳಿಸುವುದನ್ನು ಮುಂದುವರಿಸುತ್ತೇನೆ. ಅದರ ಜೊತೆಗೆ ಜೋಡಣೆಗೆ ಹೆಸರು ಕೊಟ್ಟು ಉಳಿಸುವ ಅವಕಾಶವನ್ನೂ, ‘ಮೂಲ ಜೋಡಣೆಗೆ ಮರಳಿಸು’ ಎಂಬ ಸಾಲನ್ನೂ ಮೆನುವಿನಲ್ಲಿ ಮೇಲೆಯೇ ಕಾಣುವಂತೆ ಸೇರಿಸುತ್ತಿದ್ದೇನೆ. ಸ್ಕ್ಯಾನ್ ಪ್ಯಾನೆಲ್ಲಿನ ಮುಚ್ಚುವ ಗುರುತನ್ನು ತೆಗೆದಾಯಿತು. ಆದರೆ ಹೊಸ ಆವೃತ್ತಿಯನ್ನು ಮೇಷ್ಟ್ರಿಗೆ ಕಳಿಸಿದರೆ ಅವರಲ್ಲಿ ಇನ್ನೂ ಪುಟ ಕಾಣುತ್ತಿಲ್ಲ!

ಮೊದಲ ಉತ್ತರ ಬರೆದವರಿಂದ

ರಿಜಿಸ್ಟ್ರಿಯಲ್ಲಿರುವ ಹಳೆಯ ಜೋಡಣೆಯಲ್ಲಿ ಆ ಪ್ಯಾನೆಲ್ ಮುಚ್ಚಿದೆ ಎಂದೇ ಬರೆದಿದೆ, ಹೊಸ ಆವೃತ್ತಿಯೂ ಅದನ್ನೇ ಓದಿಕೊಳ್ಳುತ್ತಿದೆ. ಪ್ಯಾನೆಲ್‌ಗಳ ಜೋಡಣೆಯನ್ನು ಉಳಿಸುವ ಸೇವ್‌ಸ್ಟೇಟ್ ಮತ್ತು ಮರಳಿ ತರುವ ರಿಸ್ಟೋರ್‌ಸ್ಟೇಟ್ ಎಂಬ ಕ್ಯೂಟಿ ಫಂಕ್ಷನ್‌ಗಳೆರಡಕ್ಕೂ ಒಂದು ಆವೃತ್ತಿ ಸಂಖ್ಯೆಯನ್ನು ಕೊಡಬಹುದು. ಕೊಡದಿದ್ದರೆ ಅದು 0. ಎರಡೂ ಕಡೆ 1 ಎಂದು ಬದಲಾಯಿಸಿ. ಸಂಖ್ಯೆ ಹೊಂದದಿದ್ದರೆ ಕ್ಯೂಟಿ ಹಳೆಯ ಜೋಡಣೆಯನ್ನು ಮುಟ್ಟದೆ ಬಿಡುತ್ತದೆ, ಮೇಷ್ಟ್ರಿಗೆ ನಿಮ್ಮ ಮೂಲ ಜೋಡಣೆಯೇ ತೆರೆದುಕೊಳ್ಳುತ್ತದೆ. ಅವರು ಇನ್ನೊಮ್ಮೆ ಏನನ್ನೂ ತೆಗೆದುಹಾಕಿ ಹಾಕಿಕೊಳ್ಳಬೇಕಾಗಿಲ್ಲ.