ಪ್ರಶ್ನೋತ್ತರ: ಬೆಂಕಿ ಬಿದ್ದರೆ ನಡೆಯಲಾಗದ ಹಿರಿಯರನ್ನು ಏನು ಮಾಡುವುದು?

ಗುಂಪಿನ ಸದಸ್ಯರಿಗೆ: ಮುಂಬೈ ಅಗ್ನಿಶಾಮಕ ದಳದಲ್ಲಿ ಅಧಿಕಾರಿಯಾಗಿದ್ದು ನಿವೃತ್ತರಾದ ನಮ್ಮವರೇ ಒಬ್ಬರು ಈ ವಾರ ಉತ್ತರ ಕೊಡುತ್ತಾರೆ. ಪ್ರಶ್ನೆ ಕೇಳುವವರು ಹೆಸರು ಹಾಕಬೇಕಾಗಿಲ್ಲ, ಊರಿನ ಯಾವ ಭಾಗ ಅಂತ ಹೇಳಿದರೆ ಸಾಕು.

ಪ್ರಶ್ನೆ (ಮುಲುಂಡ್): ನಮಸ್ಕಾರ ಸರ್. ನಮ್ಮ ಮನೆ 14ನೇ ಮಹಡಿಯಲ್ಲಿದೆ. ಅತ್ತೆಗೆ 82 ವರ್ಷ. ಸೊಂಟದ ಆಪರೇಷನ್ ಆದ ಮೇಲೆ ವಾಕರ್ ಹಿಡಿದು ಬಾತ್‌ರೂಮ್‌ವರೆಗೆ ಹೋಗುತ್ತಾರೆ, ಅಷ್ಟೇ. ಹಗಲು ಅವರ ಜೊತೆ ಇರುವುದು ಕೆಲಸದ ಬಾಯಿ ಒಬ್ಬಳೇ. ಮೊನ್ನೆ ಕೆಳಗೆ ಮೀಟರ್ ರೂಮಿನಲ್ಲಿ ಹೊಗೆ ಎದ್ದಿತು. ಎಲ್ಲರೂ ದಡದಡ ಇಳಿದು ಹೋದರು. ಅತ್ತೆ ಚಪ್ಪಲಿ ಹಾಕಿಕೊಂಡು ಬಾಗಿಲ ಹತ್ತಿರ ಕುಳಿತೇ ಇದ್ದರಂತೆ. ಇಂಥವರನ್ನು ಇಳಿಸುವುದು ಹೇಗೆ? ಲಿಫ್ಟ್‌ನಲ್ಲಿ ತರಬಹುದಾ?

ಉತ್ತರ: ಲಿಫ್ಟ್ ಬೇಡವೇ ಬೇಡ ತಾಯಿ. ಮೀಟರ್ ರೂಮಿಗೆ ಬೆಂಕಿ ಬಿದ್ದರೆ ಕರೆಂಟ್ ಯಾವ ಕ್ಷಣದಲ್ಲಾದರೂ ಹೋಗುತ್ತದೆ. ಲಿಫ್ಟ್ ಮಧ್ಯದಲ್ಲಿ ನಿಂತರೆ ಅದು ಓಡಾಡುವ ಬಾವಿಯಂಥ ಜಾಗದೊಳಗೆ ಹೊಗೆಯೂ ತುಂಬುತ್ತದೆ. ದೊಡ್ಡ ಕಟ್ಟಡಗಳಲ್ಲಿ ಫೈರ್ ಲಿಫ್ಟ್ ಅಂತ ಒಂದು ಇರುತ್ತದೆ, ಕೆಳಗೆ ಗಾಜಿನ ಹಿಂದೆ ಅದರ ಸ್ವಿಚ್ ಇರುತ್ತದೆ. ಅದು ದಳದವರು ಬಂದ ಮೇಲೆ ಅವರು ಬಳಸುವುದಕ್ಕೆ.

ಇನ್ನು ಇಳಿಸುವ ಮಾತು. ಬೆಂಕಿ ಕೆಳಗಿದೆ, ನೀವು 14ರಲ್ಲಿದ್ದೀರಿ. ಹೊಗೆ ಮೇಲಕ್ಕೆ ಬರುವುದೇ ಮೆಟ್ಟಿಲ ಗೂಡಿನಿಂದ ಮತ್ತು ಕೇಬಲ್ ಹಾಯುವ ಡಕ್ಟ್‌ನಿಂದ. ಅತ್ತೆಯವರನ್ನು ಎತ್ತಿಕೊಂಡು ಅದೇ ಮೆಟ್ಟಿಲಿಗೆ ಇಳಿದರೆ ನೀವೇ ಹೊಗೆಯೊಳಗೆ ನಡೆದುಹೋದ ಹಾಗೆ. 2023ರ ಅಕ್ಟೋಬರ್‌ನಲ್ಲಿ ಗೋರೆಗಾಂವ್‌ನಲ್ಲಿ ಬೆಂಕಿ ಹತ್ತಿದ್ದು ನೆಲಮಟ್ಟದ ಪಾರ್ಕಿಂಗಿನಲ್ಲಿ. ಪ್ರಾಣ ಹೋದದ್ದು ಮೇಲಿನ ಮಹಡಿಗಳಲ್ಲಿದ್ದ ಜನರದ್ದು. ಬೆಂಕಿ ಮುಟ್ಟುವ ಮೊದಲೇ ಹೊಗೆ ಮುಟ್ಟುತ್ತದೆ.

ಹಾಗಾಗಿ ಬೆಂಕಿ ಬೇರೆ ಮಹಡಿಯಲ್ಲಿದ್ದು ಮೆಟ್ಟಿಲಲ್ಲಿ ಹೊಗೆ ಇದ್ದರೆ ಅತ್ತೆಯವರು ಮನೆಯೊಳಗೇ ಇರಲಿ. ಮುಂಬಾಗಿಲು ಹಾಕಿ, ಚಿಲಕ ಮಾತ್ರ ಬೇಡ. ರಸ್ತೆ ಕಡೆ ಕಿಟಕಿ ಇರುವ ರೂಮಿಗೆ ಕರೆದುಕೊಂಡು ಹೋಗಿ ಆ ಬಾಗಿಲನ್ನೂ ಹಾಕಿ. ಬಾಗಿಲ ಕೆಳಗಿನ ಸಂದಿಗೆ ಒದ್ದೆ ಟವೆಲ್ ತುರುಕಿ. ಎಸಿ ಆಫ್ ಮಾಡಿ. ಹೊರಗೆ ಹೊಗೆ ಇಲ್ಲದಿದ್ದರೆ ಕಿಟಕಿ ತೆರೆದು ಬಣ್ಣದ ಸೀರೆಯನ್ನೋ ಬೆಡ್‌ಶೀಟನ್ನೋ ಹೊರಗೆ ಬಿಡಿ, ರಾತ್ರಿಯಾದರೆ ಟಾರ್ಚ್ ಆಡಿಸಿ. 2018ರಲ್ಲಿ ಪರೇಲಿನ ಕ್ರಿಸ್ಟಲ್ ಟವರ್‌ನಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ಹತ್ತಿ ಬಟ್ಟೆ ಹರಿದು, ಒದ್ದೆ ಮಾಡಿ, ಅಕ್ಕಪಕ್ಕದವರ ಮೂಗಿಗೆ ಹಿಡಿಸಿದ್ದಳು. ಶಾಲೆಯಲ್ಲಿ ಕಲಿತದ್ದು ಅಂತ ಹೇಳಿದಳು. ದೊಡ್ಡವರಿಗೆ ಅದು ಹೊಳೆದಿರಲಿಲ್ಲ.

ಬೆಂಕಿ ನಿಮ್ಮ ಮನೆಯಲ್ಲೇ ಎದ್ದರೆ ಲೆಕ್ಕ ಬೇರೆ. ಆಗ ಹೊರಗೆ ತರಲೇಬೇಕು. ದಪ್ಪ ಚಾದರ ನೆಲಕ್ಕೆ ಹಾಸಿ, ಅವರನ್ನು ಅದರ ಮೇಲೆ ಮಲಗಿಸಿ, ತಲೆಯ ಕಡೆಯ ಎರಡು ಮೂಲೆ ಸುತ್ತಿ ಹಿಡಿದು ಎಳೆಯಿರಿ. ನುಣುಪಾದ ಟೈಲ್ಸ್ ಮೇಲೆ ಒಬ್ಬಳೇ ಹೆಂಗಸು ಕೂಡ ಎಳೆಯಬಹುದು. ಹೊರಗೆ ಬಂದ ಕೂಡಲೇ ಬಾಗಿಲು ಎಳೆದು ಮುಚ್ಚಿ, ಎದುರು ಮನೆಗೆ ಹೋಗಿ. ಮೆಟ್ಟಿಲು ಇಳಿಸಲೇಬೇಕಾದರೆ ಇಬ್ಬರು ಬೇಕು, ಗಟ್ಟಿ ಮರದ ಕುರ್ಚಿ ಬೇಕು. ಸೊಂಟಕ್ಕೆ ದುಪಟ್ಟಾ ಕಟ್ಟಿ ಕೂರಿಸಿ, ಒಬ್ಬರು ಬೆನ್ನಿನ ಕಡೆ, ಒಬ್ಬರು ಕಾಲಿನ ಕಡೆ ಹಿಡಿಯುವುದು. ಪ್ಲಾಸ್ಟಿಕ್ ಕುರ್ಚಿ ನಂಬಬೇಡಿ.

ಇಷ್ಟನ್ನೂ ಹೇಳಿಕೊಡಬೇಕಾದದ್ದು ನಿಮಗಲ್ಲ, ಆ ಕೆಲಸದವಳಿಗೆ. ಹಗಲು ಮನೆಯಲ್ಲಿ ಇರುವವಳು ಅವಳು. ಒಂದು ಭಾನುವಾರ ಚಾದರ ಹಾಸಿ ನಿಮ್ಮನ್ನೇ ಎಳೆಯಲು ಹೇಳಿ. ನಗುತ್ತಾಳೆ, ನಗಲಿ.

ಮರುಪ್ರಶ್ನೆ (ಮುಲುಂಡ್): ಅತ್ತೆಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರುವುದಿಲ್ಲ ಸರ್. ಒಬ್ಬರೇ ಇದ್ದಾಗ ಫೋನ್ ಮಾಡಬೇಕಾಗಿ ಬಂದರೆ?

ಉತ್ತರ: 101ಕ್ಕೆ ಮಾಡಲಿ. ಬೆಂಕಿ ಬಿದ್ದಿದೆ, ನನಗೆ ನಡೆಯಲು ಆಗುವುದಿಲ್ಲ, ಹದಿನಾಲ್ಕನೇ ಮಹಡಿ ಅನ್ನುವ ಮರಾಠಿ ಸಾಲೊಂದನ್ನು ಬಾಯಿಪಾಠ ಮಾಡಿಸಿ: "ಆಗ್ ಲಾಗಲೀ ಆಹೇ, ಮಲಾ ಚಾಲತಾ ಯೇತ್ ನಾಹೀ, ಚೌದಾವಾ ಮಜಲಾ." ಆಮೇಲೆ ಬಿಲ್ಡಿಂಗ್ ಹೆಸರು, ವಿಂಗ್, ರಸ್ತೆ. ಕನ್ನಡದಲ್ಲೇ ದೊಡ್ಡಕ್ಷರದಲ್ಲಿ ಬರೆದು ಫೋನ್ ಪಕ್ಕದ ಗೋಡೆಗೆ ಅಂಟಿಸಿ. "ನಡೆಯಲು ಆಗುವುದಿಲ್ಲ" ಅನ್ನುವ ಮಾತು ಮುಖ್ಯ. ಅದು ಕಂಟ್ರೋಲ್ ರೂಮಿಗೆ ಗೊತ್ತಾದರೆ ಬರುತ್ತಿರುವ ಗಾಡಿಯವರಿಗೆ ವೈರ್‌ಲೆಸ್‌ನಲ್ಲಿ ತಿಳಿಸುತ್ತಾರೆ. ಮೊದಲು ಯಾವ ಮನೆಗೆ ಹತ್ತಬೇಕು ಅಂತ ದಾರಿಯಲ್ಲೇ ತೀರ್ಮಾನ ಆಗುತ್ತದೆ.

ಪ್ರಶ್ನೆ (ಡೊಂಬಿವಲಿ): ನಮ್ಮ ಪಕ್ಕದ ಹೌಸಿಂಗ್ ಸೊಸೈಟಿಯಲ್ಲಿ ಬೆಂಕಿ ಬಿದ್ದಾಗ ಬಂಬ್ (ಬೆಂಕಿ ಆರಿಸುವ ಗಾಡಿ) ಬರಲು ಅರ್ಧ ಗಂಟೆ ಆಯಿತು ಅಂತ ಎಲ್ಲರೂ ಬೈಯುತ್ತಿದ್ದಾರೆ. ನಮ್ಮ ಏರಿಯಾದ ದಳ ಸರಿಯಾಗಿ ಕೆಲಸ ಮಾಡುತ್ತಾ ಇಲ್ವಾ ಅಂತ ಸಾಮಾನ್ಯ ಜನರಿಗೆ ತಿಳಿಯುವುದು ಹೇಗೆ?

ಉತ್ತರ: ಮೊದಲು ಒಂದು ವಿಷಯ. ಡೊಂಬಿವಲಿಗೆ ಬರುವುದು ಕಲ್ಯಾಣ್-ಡೊಂಬಿವಲಿ ಪಾಲಿಕೆಯ ದಳ, ಮುಂಬೈ ದಳ ಅಲ್ಲ. ದೂರು ಕೊಡುವಾಗ ಇದನ್ನು ಗಮನಿಸಿ, ಇಲ್ಲದಿದ್ದರೆ ಕಾಗದ ಸುಮ್ನೆ ಅಲೆಯುತ್ತದೆ.

ಅರ್ಧ ಗಂಟೆ ಅನ್ನುವುದನ್ನು ನಾನು ಹಾಗೇ ಒಪ್ಪುವುದೂ ಇಲ್ಲ, ತಳ್ಳಿಹಾಕುವುದೂ ಇಲ್ಲ. ಸ್ಟೇಷನ್ನಿನ ದಾಖಲೆಯಲ್ಲಿ ಸಮಯ ಬರೆದಿರುತ್ತದೆ: ಕರೆ ಬಂದದ್ದು ಯಾವಾಗ, ಗಾಡಿ ಹೊರಟದ್ದು ಯಾವಾಗ, ಮುಟ್ಟಿದ್ದು ಯಾವಾಗ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು. ಕರೆ ಬಂದು ಗಾಡಿ ಹೊರಡಲು ತಡವಾಗಿದ್ದರೆ ತಪ್ಪು ದಳದ್ದು, ಮುಲಾಜಿಲ್ಲದೆ ಕೇಳಿ. ಹೊರಟು ಮುಟ್ಟಲು ತಡವಾಗಿದ್ದರೆ ರಸ್ತೆ, ಟ್ರಾಫಿಕ್, ಸ್ಟೇಷನ್ ಎಷ್ಟು ದೂರ ಅನ್ನುವುದು ನೋಡಬೇಕು. ಇನ್ನೊಂದು ಸಮಯ ಯಾವ ದಾಖಲೆಯಲ್ಲೂ ಇರುವುದಿಲ್ಲ. ಹೊಗೆ ಕಂಡವರು ಮೊದಲು ವಾಚ್‌ಮನ್‌ಗೆ ಹೇಳಿ, ವಾಚ್‌ಮನ್ ಸೆಕ್ರೆಟರಿಗೆ ಫೋನ್ ಮಾಡಿ, ಸೆಕ್ರೆಟರಿ "ನಾನು ಬಂದು ನೋಡ್ತೇನೆ" ಅಂದು, ಆಮೇಲೆ 101. ನನ್ನ ಅನುಭವದಲ್ಲಿ ಅತಿ ಜಾಸ್ತಿ ನಿಮಿಷ ಹಾಳಾಗುವುದು ಇಲ್ಲಿ.

ಹಾಗಂತ ನನ್ನ ಹಳೇ ಇಲಾಖೆಯನ್ನು ಸುಮ್ನೆ ಹೊಗಳುವುದಿಲ್ಲ. ಟವರ್‌ಗಳು ಎದ್ದ ವೇಗಕ್ಕೆ ಸ್ಟೇಷನ್‌ಗಳು ಏಳಲಿಲ್ಲ. ಮುಂಬೈ ದಳದಲ್ಲಿ 90 ಮೀಟರ್ ಏಣಿ ಇದೆ ಅಂತ ಪೇಪರಿನಲ್ಲಿ ಓದಿ ಜನ ನೆಮ್ಮದಿಯಾಗಿದ್ದಾರೆ. ಆ ಗಾಡಿಗೆ ಕಾಲೂರಲು ಗಟ್ಟಿ ನೆಲ ಬೇಕು, ಅಗಲ ಬೇಕು. ನಿಮ್ಮ ಅಂಗಳದಲ್ಲಿ ಎರಡು ಸಾಲು ಕಾರು, ಮಧ್ಯೆ ಮಂಡಪದ ಕಂಬ ಇದ್ದರೆ ಅದು ರಸ್ತೆಯಲ್ಲೇ ನಿಂತಿರುತ್ತದೆ. 2015ರ ಮೇ ತಿಂಗಳಲ್ಲಿ ಕಾಲ್ಬಾದೇವಿಯ ಹಳೇ ಕಟ್ಟಡದ ಬೆಂಕಿಯಲ್ಲಿ ನಾವು ನಾಲ್ಕು ಅಧಿಕಾರಿಗಳನ್ನು ಕಳೆದುಕೊಂಡೆವು. ದಳದ ಮುಖ್ಯಸ್ಥರೂ ಅದರಲ್ಲಿದ್ದರು. ಧೈರ್ಯಕ್ಕೆ ಕೊರತೆ ಇಲ್ಲ. ಜನ, ಜಾಗ, ದಾರಿ, ಇವುಗಳ ಲೆಕ್ಕ ಕೇಳಿ.

ಇನ್ನೊಂದು ಸುಲಭದ ಪರೀಕ್ಷೆ ಹೇಳುತ್ತೇನೆ. ಸೊಸೈಟಿ ಪರವಾಗಿ ಪತ್ರ ಕೊಟ್ಟು ಮಾಕ್ ಡ್ರಿಲ್‌ಗೆ ಕರೆಯಿರಿ. ಏಪ್ರಿಲ್ 14ರಿಂದ 20 ಅಗ್ನಿಶಾಮಕ ಸಪ್ತಾಹ, ಆಗ ಕೇಳಿದರೆ ಬೇಗ ಒಪ್ಪುತ್ತಾರೆ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಹಡಗು ಸ್ಫೋಟಿಸಿ ದಳದ 66 ಜನ ಸತ್ತರು. ಆ ನೆನಪಿಗೇ ಈ ಸಪ್ತಾಹ. ಬಂದ ಅಧಿಕಾರಿ ನಿಮ್ಮ ಮೆಟ್ಟಿಲು ಹತ್ತಿ ನೋಡಿ, ವಯಸ್ಸಾದವರು ಯಾವ ಮನೆಯಲ್ಲಿದ್ದಾರೆ ಅಂತ ತಾವಾಗಿ ಕೇಳಿದರೆ ಆ ಸ್ಟೇಷನ್ ಚೆನ್ನಾಗಿದೆ ಅಂತ ತಿಳಿಯಿರಿ. ಫೋಟೋ ತೆಗೆಸಿಕೊಂಡು ಹೊರಟರೆ ನೀವೇ ಕೈ ಹಿಡಿದು ಮೇಲೆ ಕರೆದುಕೊಂಡು ಹೋಗಿ.

ಪ್ರಶ್ನೆ (ಅಂಧೇರಿ): ಹಾಗಾದರೆ ಯಾವ ಮನೆಯಲ್ಲಿ ನಡೆಯಲಾಗದವರು ಇದ್ದಾರೆ ಅಂತ ಪಟ್ಟಿ ಮಾಡಿ ವಾಚ್‌ಮನ್ ಹತ್ತಿರ ಇಡಬೇಕಾ? ನಮ್ಮಲ್ಲಿ ಸೆಕ್ಯೂರಿಟಿ ಏಜೆನ್ಸಿಯವರು ತಿಂಗಳಿಗೊಬ್ಬನನ್ನು ಬದಲಿಸುತ್ತಾರೆ. ಒಂಟಿ ಮುದುಕರ ಪಟ್ಟಿ ಕಂಡವರ ಕೈಗೆ ಕೊಡುವುದು ಡೇಂಜರ್ ಅಲ್ವಾ?

ಉತ್ತರ: ಡೇಂಜರ್ ಹೌದು. ಅದಕ್ಕೇ ಹೆಸರು, ವಯಸ್ಸು, ಒಬ್ಬರೇ ಇದ್ದಾರೆ ಅನ್ನುವುದು ಯಾವುದೂ ಬೇಡ. ಮನೆ ನಂಬರು ಮತ್ತು ಒಂದು ಮಾತು ಸಾಕು: "ಬಿ 1403, ಹಾಸಿಗೆ." "ಎ 602, ಗಾಲಿಕುರ್ಚಿ." "ಎ 901, ಆಕ್ಸಿಜನ್." ಲಕೋಟೆಯಲ್ಲಿ ಅಂಟಿಸಿ ಫೈರ್ ಪ್ಯಾನೆಲ್ ಪೆಟ್ಟಿಗೆಯೊಳಗೆ ಇಡಿ, ಕೀಲಿ ಕಮಿಟಿಯ ಇಬ್ಬರ ಹತ್ತಿರ ಇರಲಿ. ಅಗ್ನಿಶಾಮಕ ದಳದವರು ಬಂದಾಗ ಕೊಡುವುದು.

ಒಂಟಿಯಾಗಿರುವ ಹಿರಿಯರ ಹೆಸರನ್ನು ಸ್ಥಳೀಯ ಪೊಲೀಸ್ ಠಾಣೆಯಲ್ಲಿ ಬರೆಸುವ ವ್ಯವಸ್ಥೆ ಮುಂಬೈಯಲ್ಲಿದೆ. ಬರೆಸಿ, ಒಳ್ಳೆಯದು. ಆದರೆ ಠಾಣೆಯ ಪುಸ್ತಕ ರಾತ್ರಿ ಎರಡು ಗಂಟೆಗೆ ಬಂಬ್ ಒಳಗೆ ಇರುವುದಿಲ್ಲ.

ಪ್ರಶ್ನೆ (ಚೆಂಬೂರ್): ಅಣ್ಣ, ನಮ್ಮದು ಸಣ್ಣ ಉಡುಪಿ ಹೋಟೆಲ್, ಹಳೇ ಬಿಲ್ಡಿಂಗಿನ ಕೆಳಗೆ. ಮೇಲೆ ನಾಲ್ಕು ಮಹಡಿ, ಹೆಚ್ಚಿನವರು ವಯಸ್ಸಾದ ಬಾಡಿಗೆದಾರರು. ಅವರಿಗೆ ನಮ್ಮ ಎಕ್ಸಾಸ್ಟ್ ಮೇಲೆ ಸಿಟ್ಟು. ನಾವು ಏನೇನು ನೋಡಿಕೊಳ್ಳಬೇಕು?

ಉತ್ತರ: ಸಿಟ್ಟು ಬರಲೇಬೇಕು ಮಾರಾಯ್ರೆ. ಒಂದು ಸಲ ಎಕ್ಸಾಸ್ಟ್‌ನ ಫಿಲ್ಟರ್ ತೆಗೆದು ಡಕ್ಟ್ ಒಳಗೆ ಕೈ ಹಾಕಿ ನೋಡಿ. ವಡೆ, ಬಜ್ಜಿಯ ಎಣ್ಣೆ ಆವಿಯಾಗಿ ಹೋಗಿ ತಗಡಿಗೆ ಕಪ್ಪು ಅಂಟಾಗಿ ಕುಳಿತಿರುತ್ತದೆ, ಉಗುರಿನಿಂದ ಕೆರೆದರೆ ಪದರ ಬರುತ್ತದೆ. ಬಾಣಲೆಯಿಂದ ಜ್ವಾಲೆ ಎದ್ದು ಅದಕ್ಕೆ ಹತ್ತಿತು ಅಂದರೆ ಬೆಂಕಿ ಡಕ್ಟ್ ಹಿಡಿದು ನಾಲ್ಕನೇ ಮಹಡಿಯ ಅಜ್ಜಿಯ ಕಿಟಕಿ ಪಕ್ಕ ಹೊರಬರುತ್ತದೆ. ಫಿಲ್ಟರ್ ಪ್ರತಿದಿನ ಬಿಸಿನೀರು, ಸೋಡಾದಲ್ಲಿ ತೊಳೆಯಲಿ. ಡಕ್ಟನ್ನು ಒಳಗಿನವರೆಗೆ ಕೆರೆಯುವ ಜನ ಬೇರೆ ಇದ್ದಾರೆ, ಅವರನ್ನು ಕರೆಸಿ. ಹೊರಗಿನಿಂದ ಒರೆಸಿ ಬಿಲ್ ಕೊಡುವವರೂ ಇದ್ದಾರೆ, ಪಕ್ಕ ನಿಂತು ನೋಡಿ.

ಬಾಣಲೆ ಎಣ್ಣೆಗೆ ನೀರು ಯಾವತ್ತೂ ಎರಚಬಾರದು. ಗ್ಯಾಸ್ ಬಂದ್ ಮಾಡಿ ಮುಚ್ಚಳ ಮುಚ್ಚುವುದು, ಎಕ್ಸಾಸ್ಟ್ ಆಫ್ ಮಾಡುವುದು. ಅಡುಗೆ ಎಣ್ಣೆಗೆ ಕೆ ಕ್ಲಾಸ್ ಎಕ್ಸ್‌ಟಿಂಗ್ವಿಶರ್ ಬೇಕು, ಒಂದು ಇಡಿ. ಸಿಲಿಂಡರ್‌ಗಳು ಮೆಟ್ಟಿಲ ಕೆಳಗೆ ಇದ್ದರೆ ಇವತ್ತೇ ತೆಗೆಸಿ. ಮೇಲಿನವರಿಗೆ ಇರುವುದೇ ಅದೊಂದು ದಾರಿ. ಗ್ಯಾಸ್ ಸೋರಿದ ವಾಸನೆ ಬಂದರೆ 1906ಕ್ಕೆ ಫೋನ್ ಮಾಡಿ.

ನೀವು ಕೇಳದ ಒಂದು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಹುಡುಗರು ರಾತ್ರಿ ಎಲ್ಲಿ ಮಲಗುತ್ತಾರೆ? ಅಡುಗೆಮನೆ ಮೇಲಿನ ಅಟ್ಟದಲ್ಲಾ? ಶಟರ್‌ಗೆ ಹೊರಗಿನಿಂದ ಬೀಗವಾ? 2017ರ ಡಿಸೆಂಬರ್‌ನಲ್ಲಿ ಸಾಕಿನಾಕಾದ ಖೈರಾನಿ ರಸ್ತೆಯಲ್ಲಿ ಫರ್ಸಾಣ್ (ಖಾರದ ತಿಂಡಿ) ಅಂಗಡಿಯೊಂದಕ್ಕೆ ಬೆಳಗಿನ ಜಾವ ಬೆಂಕಿ ಬಿದ್ದು 12 ಕೆಲಸಗಾರರು ಸತ್ತರು. ಅಲ್ಲೇ ಮಲಗಿದ್ದವರು. ಅಸಹಾಯಕರು ಅಂದರೆ ನಮಗೆ ಅಜ್ಜಿ, ತಾತ ಮಾತ್ರ ನೆನಪಾಗುತ್ತಾರೆ. ಊರಿನಿಂದ ಬಂದ ಇಪ್ಪತ್ತರ ಹುಡುಗ ಬೀಗ ಹಾಕಿದ ಶಟರ್ ಹಿಂದೆ ಅಷ್ಟೇ ಅಸಹಾಯಕ. ಅವರಿಗೆ ಬೇರೆ ರೂಮ್ ಮಾಡಿಕೊಡಿ. ಅಲ್ಲಿಯವರೆಗೆ ಒಳಗಿನಿಂದ ತೆರೆಯುವ ಹಿಂಬಾಗಿಲು ಇರಲಿ, ಅದರ ಮುಂದೆ ಈರುಳ್ಳಿ ಚೀಲ ಬೇಡ.

ಪ್ರಶ್ನೆ (ಥಾಣೆ): ಅಪ್ಪನಿಗೆ ಮನೆಯಲ್ಲೇ ಆಕ್ಸಿಜನ್ ಕಾನ್ಸಂಟ್ರೇಟರ್ ಇದೆ. ಅದೇ ಹಾಲ್‌ನಲ್ಲಿ ಅಮ್ಮ ದೇವರಿಗೆ ದೀಪ ಹಚ್ಚುತ್ತಾರೆ.

ಉತ್ತರ: ದೀಪ, ಅಗರಬತ್ತಿ ಬೇರೆ ರೂಮಿನಲ್ಲಿ. ಆಕ್ಸಿಜನ್ ತಾನಾಗಿ ಉರಿಯುವುದಿಲ್ಲ, ಆದರೆ ಅಪ್ಪನ ಬನಿಯನ್, ಹೊದಿಕೆಯಲ್ಲಿ ಅದು ಸೇರಿಕೊಂಡಿದ್ದರೆ ಒಂದು ಕಿಡಿಗೂ ಭಗ್ ಅಂತ ಹೊತ್ತಿಕೊಳ್ಳುತ್ತದೆ. ಪೈಪ್ ತೆಗೆದಿಟ್ಟಾಗ ಮೆಷಿನ್ ಆಫ್ ಮಾಡಿ. ಅದನ್ನು ಎಕ್ಸ್‌ಟೆನ್ಶನ್ ಬೋರ್ಡ್‌ಗೆ ಸಿಕ್ಕಿಸಬೇಡಿ, ನೇರ ಗೋಡೆಯ ಪ್ಲಗ್‌ಗೆ ಹಾಕಿ. ಅಮ್ಮ ಒಪ್ಪದಿದ್ದರೆ ಎಲ್‌ಇಡಿ ದೀಪ ತಂದುಕೊಡಿ. ದೇವರು ಏನೂ ಅನ್ನುವುದಿಲ್ಲ.

ಪ್ರಶ್ನೆ (ಬೊರಿವಲಿ): ಹಿರಿಯರ ವಿಷಯ ಎತ್ತಿದಾಗಲೆಲ್ಲ ನಮ್ಮ ಸೆಕ್ರೆಟರಿ "ನಮ್ಮ ಬಿಲ್ಡಿಂಗಿಗೆ ಫೈರ್ ಸರ್ಟಿಫಿಕೇಟ್ ಇದೆ" ಅಂತ ಬಾಯಿ ಮುಚ್ಚಿಸುತ್ತಾರೆ.

ಉತ್ತರ: ಅವರು ಹೇಳುವುದು ಫಾರ್ಮ್ ಬಿ ಇರಬೇಕು, ಅಂದರೆ ಬೆಂಕಿ ಆರಿಸುವ ಉಪಕರಣಗಳು ಸುಸ್ಥಿತಿಯಲ್ಲಿವೆ ಅನ್ನುವ ಪ್ರಮಾಣಪತ್ರ. ಮಹಾರಾಷ್ಟ್ರದ 2006ರ ಅಗ್ನಿ ಸುರಕ್ಷತಾ ಕಾಯ್ದೆ ಪ್ರಕಾರ ಉಪಕರಣಗಳನ್ನು ಸುಸ್ಥಿತಿಯಲ್ಲಿ ಇಡುವ ಹೊಣೆ ಮಾಲೀಕರದ್ದು, ವಾಸಿಸುವವರದ್ದು. ಲೈಸೆನ್ಸ್ ಇರುವ ಏಜೆನ್ಸಿಯಿಂದ ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈನಲ್ಲಿ, ಫಾರ್ಮ್ ಬಿ ಕೊಡಿಸಬೇಕು. ಕಾಗದ ನೋಡಿ ಸುಮ್ಮನಾಗಬೇಡಿ. ಸೆಕ್ರೆಟರಿಯವರನ್ನೇ ಜೊತೆಗೆ ಕರೆದುಕೊಂಡು ಪಂಪ್ ರೂಮಿಗೆ ಹೋಗಿ, ಸ್ವಿಚ್ "ಆಟೋ"ದಲ್ಲಿದೆಯಾ ನೋಡಿ. ಎಷ್ಟೋ ಕಡೆ "ಸುಮ್ನೆ ಓಡುತ್ತದೆ" ಅಂತ ಮ್ಯಾನುಯಲ್‌ಗೆ ತಿರುಗಿಸಿಟ್ಟಿರುತ್ತಾರೆ. ಮೇಲಿನ ಮಹಡಿಯ ಹೋಸ್ ರೀಲ್ ತೆರೆದು ನೀರು ಬಿಡಿಸಿ. ಹಿತ್ತಾಳೆ ನಾಝಲ್ ಇದೆಯಾ, ಗುಜರಿಗೆ ಹೋಗಿದೆಯಾ ಅಂತ ಅಲ್ಲೇ ಗೊತ್ತಾಗುತ್ತದೆ. ರೆಫ್ಯೂಜ್ ಏರಿಯಾಗೆ ಬೀಗ ಇದ್ದರೆ, ಅಥವಾ ಅಲ್ಲಿ ಹಳೇ ಸೋಫಾ ತುಂಬಿದ್ದರೆ, ಫೋಟೋ ತೆಗೆದು ಲಿಖಿತ ದೂರು ಕೊಡಿ. ಪೂರ್ತಿ ಇಳಿಯಲಾಗದವರು ಕೆಲವು ಮಹಡಿ ಮಾತ್ರ ಸರಿದು ಕಾಯುವುದಕ್ಕೆಂದೇ ಆ ಜಾಗ ಬಿಟ್ಟಿರುವುದು.

ಪ್ರಶ್ನೆ (ಮೀರಾ ರೋಡ್): ಕೊನೆಯದು ಸರ್. ಮಾವನವರಿಗೆ ಕಿವಿ ಕೇಳುವುದಿಲ್ಲ, ರಾತ್ರಿ ಮೆಷಿನ್ ತೆಗೆದಿಟ್ಟು ಮಲಗುತ್ತಾರೆ. ಒಬ್ಬರೇ ಇರುತ್ತಾರೆ. ಅಲಾರಂ ಆದರೂ ಗೊತ್ತಾಗುವುದಿಲ್ಲ.

ಉತ್ತರ: ಜೋರಾಗಿ ಮಿನುಗುವ ಲೈಟ್ ಇರುವ ಅಲಾರಂ, ದಿಂಬಿನ ಕೆಳಗೆ ಇಟ್ಟರೆ ನಡುಗುವ ಅಲಾರಂ ಎರಡೂ ಸಿಗುತ್ತವೆ, ತೆಗೆದುಕೊಳ್ಳಿ. ಅದಕ್ಕಿಂತ ಮೊದಲು ಅವರ ಬಾಗಿಲು ನೋಡಿ. ಹೊರಗೆ ಸೇಫ್ಟಿ ಡೋರ್, ಒಳಗೆ ಮೇಲೊಂದು ಕೆಳಗೊಂದು ಚಿಲಕ ಇರುತ್ತದೆ. ದಳದವರು ಅದನ್ನು ಒಡೆಯುತ್ತಾರೆ, ಆದರೆ ಹೊತ್ತು ಹೋಗುತ್ತದೆ. ಮಲಗುವಾಗ ನೈಟ್ ಲ್ಯಾಚ್ ಮಾತ್ರ ಹಾಕಲಿ, ಸೇಫ್ಟಿ ಡೋರ್‌ಗೂ ಹೊರಗಿನಿಂದ ಕೀಲಿಯಲ್ಲಿ ತೆರೆಯುವ ಬೀಗ ಹಾಕಿಸಿ. ಎರಡರ ಕೀಲಿಯೂ ಎದುರು ಮನೆಯವರ ಹತ್ತಿರ ಒಂದು, ನಿಮ್ಮ ಹತ್ತಿರ ಒಂದು ಇರಲಿ. ಕಿಟಕಿಗೆ ಬಾಕ್ಸ್ ಗ್ರಿಲ್ ಇದ್ದರೆ ಅದರಲ್ಲಿ ತೆರೆಯುವ ಸಣ್ಣ ಬಾಗಿಲು ಮಾಡಿಸಿ. ಫ್ಯಾಬ್ರಿಕೇಶನ್‌ನವರು ಅರ್ಧ ದಿನದಲ್ಲಿ ಮಾಡಿಕೊಡುತ್ತಾರೆ. ಕೀಲಿ ಇಟ್ಟುಕೊಳ್ಳುವ ಮನೆಯವರು ಊರಿಗೆ ಹೋಗುವಾಗ ಅದನ್ನು ಇನ್ನೊಬ್ಬರಿಗೆ ಕೊಟ್ಟು ಹೋಗಲು ಈಗಲೇ ಹೇಳಿಡಿ.