ಅಪ್‌ಡೇಟ್: ಸ್ಪೀಕರ್ ವಿಷಯದಲ್ಲಿ ಚಿಕ್ಕಪ್ಪ ಹೇಳಿದ್ದೇ ಸರಿ (ಒಂದು ಬಿಟ್ಟು)

ಹೋದ ತಿಂಗಳು ಕೇಳಿದ್ದೆ: ಸಾಗರದ ನಮ್ಮ ಮನೆಗೆ ಸ್ಪೀಕರ್ ಜೋಡಿ ತಂದ ದಿನ, ಭದ್ರಾವತಿ ಆಕಾಶವಾಣಿ ಕೇಳಿಯೇ ಬೆಳೆದ ಚಿಕ್ಕಪ್ಪ ಒಂದೇ ನಿಮಿಷಕ್ಕೆ, "ಹಾಡೋರು ಎಲ್ಲಿ ನಿಂತಿದಾರೆ ಅಂತಾನೇ ಗೊತ್ತಾಗಲ್ವಲ್ಲ ಮಾರಾಯ" ಅಂದರು. ಫೋನಿನಲ್ಲಿರುವ ಸದ್ದು ಅಳೆಯುವ ಆಪ್‌ನಲ್ಲಿ ಎಲ್ಲ ಸರಿಯಿತ್ತು. ಯಾರನ್ನು ನಂಬಲಿ ಅಂತ.

ನಿಮ್ಮಲ್ಲೊಬ್ಬರು ಹೇಳಿದ ಹಾಗೆ ಆಂಪ್ಲಿಫೈಯರ್‌ನಿಂದ ವೈರ್ ಬಿಚ್ಚಿ, ಎರಡೂ ಸ್ಪೀಕರ್‌ಗಳ ವೈರ್ ತುದಿಗೆ ಒಂದೇ ರೀತಿ 1.5 ವೋಲ್ಟ್ ಸೆಲ್ ಮುಟ್ಟಿಸಿದೆ. ಬಲಗಡೆಯ ಕೋನ್ (ಸ್ಪೀಕರ್‌ನಲ್ಲಿ ಅದುರುವ ಭಾಗ) ಮುಂದೆ ಬಂತು, ಎಡಗಡೆಯದ್ದು ಹಿಂದೆ ಹೋಯಿತು. ಪ್ಲಸ್ಸು ಮೈನಸ್ಸು ಅದಲುಬದಲು! ನಾನೇ ಕರೆಂಟ್ ಹೋದಾಗ ಟಾರ್ಚ್ ಹಿಡಿದು ಜೋಡಿಸಿದ್ದು. ಆಪ್‌ನಲ್ಲಿ ಒಂದೊಂದೇ ಸ್ಪೀಕರ್ ಅಳೆದಿದ್ದೆ, ಹಾಗೆ ಅಳೆದರೆ ಈ ತಪ್ಪು ಕಾಣುವುದೇ ಇಲ್ಲ. ಎರಡೂ ಒಟ್ಟಿಗೆ ನುಡಿದಾಗ ಅವುಗಳ ಬೇಸ್ (ತಗ್ಗಿನ ಸದ್ದು) ಒಂದನ್ನೊಂದು ಅಳಿಸಿಹಾಕುತ್ತದೆ, ಗಾಯಕರ ದನಿ ನಡುವೆ ನಿಲ್ಲುವುದಿಲ್ಲ. ಸರಿ ಮಾಡಿದ ಮೇಲೆ ದನಿ ಬಂದು ಮಧ್ಯೆ ಕೂತಿತು. ಆಮೇಲೆ ಬೇಸ್ ಗುಂಯ್‌ಗುಟ್ಟಿತು. ಅದಕ್ಕೂ ಅವರೇ, "ಗೋಡೆಯಿಂದ ಈಚೆ ಎಳಿ" ಅಂದರು. ಒಂದೂವರೆ ಅಡಿ ಎಳೆದೆ. ಹೋಯಿತು.

ಆದರೆ ದುಬಾರಿ ಕೇಬಲ್ ಹಾಕಿದರೆ ದನಿ ತಿಳಿಯಾಗುತ್ತದೆ ಅನ್ನುವುದೂ ಅವರದೇ ಮಾತು. ವಾಲ್ಯೂಮ್ ಮುಟ್ಟದೆ, ಪರದೆ ಹಿಂದೆ ತಮ್ಮನನ್ನು ಕೂರಿಸಿ ಕೇಬಲ್ ಬದಲಿಸಿದೆವು. ಯಾವ ಕೇಬಲ್ ಅಂತ ಚಿಕ್ಕಪ್ಪ ಹೇಳಿದ್ದು 10 ಸಲದಲ್ಲಿ 5 ಸರಿ. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತಿತ್ತು. ಚಿಕ್ಕಪ್ಪ ಕವಳ ಉಗಿದು ಬಂದು, "ಮಳೆ ಸದ್ದಲ್ಲಿ ಕೇಳಿಸ್ಲಿಲ್ಲ, ಬೇಸಿಗೇಲಿ ಇನ್ನೊಂದ್ಸಲ ಮಾಡಣ" ಅಂದಿದ್ದಾರೆ. ಒಪ್ಪಿಕೊಂಡಿದ್ದೇನೆ.