ಕೇಂದ್ರದ ತೆರಿಗೆಯಲ್ಲಿ ನಮ್ಮ ಪಾಲು: ಯಾರ ಲೆಕ್ಕ ನಂಬೋದು?

ಪ್ರಶ್ನೆ: ನಮಸ್ತೆ ಮೇಡಂ. ಎಂ.ಎ. ಅರ್ಥಶಾಸ್ತ್ರದ ವಿದ್ಯಾರ್ಥಿ ನಾನು. ಕೇಂದ್ರದ ತೆರಿಗೆಯಲ್ಲಿ ಕರ್ನಾಟಕದ ಪಾಲು ಇಳಿದದ್ದರ ಬಗ್ಗೆ ಪ್ರಬಂಧ ಬರೀತಿದ್ದೇನೆ. ಪಕ್ಷದವರ ಅಂಕಿಗಳು ಒಂದಕ್ಕೊಂದು ತಾಳೆಯೇ ಆಗ್ತಿಲ್ಲ. ಪಿಆರ್‌ಎಸ್‌ನಂಥ ಶಾಸನ, ಬಜೆಟ್ ಅಧ್ಯಯನ ಮಾಡುವ ಪಕ್ಷಾತೀತ ಸಂಸ್ಥೆಯ ವರದಿ ಒಂದನ್ನೇ ನೆಚ್ಚಿಕೊಂಡರೆ ಸಾಕಾ?

ಉತ್ತರ (ಸಾರ್ವಜನಿಕ ಹಣಕಾಸು ಸಂಶೋಧಕಿ): ಅಲ್ಲಿಂದ ಶುರು ಮಾಡಿ, ಆದರೆ ಅಲ್ಲೇ ನಿಲ್ಲಬೇಡಿ. ಕೇಂದ್ರದ ತೆರಿಗೆ ರಾಜ್ಯಗಳಿಗೆ ಹೇಗೆ ಹಂಚಿಕೆಯಾಗಬೇಕು ಅಂತ ಶಿಫಾರಸು ಮಾಡೋದು ಹಣಕಾಸು ಆಯೋಗ; ಅದರ ದಪ್ಪ ವರದಿಯ ಸಾರವನ್ನು ಪಿಆರ್‌ಎಸ್‌ನವರು ಕೆಲವೇ ಪುಟಗಳಲ್ಲಿ ಕೊಡ್ತಾರೆ. ಅದನ್ನು ಓದಿಕೊಂಡು ಮೂಲ ವರದಿಯ ಕೋಷ್ಟಕಕ್ಕೆ ಹೋಗಿ.

14ನೇ ಆಯೋಗದಲ್ಲಿ (2015–20) ನಮ್ಮ ಪಾಲು ಶೇ 4.713 ಇತ್ತು, 15ನೇ ಆಯೋಗದಲ್ಲಿ (2021–26) ಶೇ 3.647ಕ್ಕೆ ಇಳಿಯಿತು. ಇದನ್ನೇ ಒಬ್ಬರು 'ಬರೀ ಒಂದು ಶೇಕಡಾ ಚಿಲ್ಲರೆ' ಅಂತಾರೆ, ಇನ್ನೊಬ್ಬರು 'ಇದ್ದ ಪಾಲಿನಲ್ಲಿ ಐದನೇ ಒಂದಕ್ಕಿಂತ ಹೆಚ್ಚು ಹೋಯ್ತು' ಅಂತಾರೆ. ಎರಡೂ ಸರಿಯೇ. ಮೂರನೆಯವರು ರೂಪಾಯಿ ಲೆಕ್ಕ ತೆಗೆದು 'ಮೊದಲಿಗಿಂತ ಹೆಚ್ಚೇ ಬಂದಿದೆಯಲ್ಲ' ಅಂದರೆ, ಒಟ್ಟು ತೆರಿಗೆ ಸಂಗ್ರಹ ಬೆಳೆದದ್ದರಿಂದ ಅದೂ ನಿಜವಿರಬಹುದು. ಪ್ರಬಂಧದಲ್ಲಿ ನೀವು ಯಾವ ಲೆಕ್ಕ ಹಿಡಿದಿದ್ದೀರಿ ಅನ್ನೋದನ್ನು ಮೊದಲ ಪುಟದಲ್ಲೇ ಹೇಳಿಬಿಡಿ.

ಕಾರಣ ಹುಡುಕುವಾಗ ಪಾಲು ಹಂಚುವ ಸೂತ್ರವನ್ನು ಬಿಡಿಸಿ ನೋಡಲೇಬೇಕು. 15ನೇ ಆಯೋಗ ಆದಾಯದ ಅಂತರಕ್ಕೆ, ಅಂದರೆ ಶ್ರೀಮಂತ ರಾಜ್ಯಕ್ಕಿಂತ ತಲಾ ಆದಾಯ ಎಷ್ಟು ಹಿಂದಿದೆ ಅನ್ನೋದಕ್ಕೆ, ಶೇ 45 ತೂಕ ಕೊಟ್ಟಿತು. ತಲಾ ಆದಾಯ ಏರಿದ ರಾಜ್ಯಕ್ಕೆ ಅದರಲ್ಲಿ ಸಿಗೋದು ಕಡಿಮೆ. 1971ರ ಜನಸಂಖ್ಯೆಯನ್ನು ಪೂರ್ತಿ ಕೈಬಿಟ್ಟು 2011ರದ್ದನ್ನು ಹಿಡಿಯಿತು; ಜನಸಂಖ್ಯೆ ನಿಧಾನವಾಗಿ ಬೆಳೆದ ನಮ್ಮಂಥ ರಾಜ್ಯಕ್ಕೆ ಅದರಿಂದ ನಷ್ಟ. ಜನಸಂಖ್ಯೆ ಹತೋಟಿಗೆ ಶೇ 12.5 ತೂಕ ಇಟ್ಟರೂ ನಮ್ಮ ನಷ್ಟ ತುಂಬಲಿಲ್ಲ. ಕೇಂದ್ರ ತೆರಿಗೆಯ ಮೇಲೆ ಹೆಚ್ಚುವರಿಯಾಗಿ ಹಾಕುವ ಸೆಸ್, ಸರ್ಚಾರ್ಜ್ ಹಣವಂತೂ ರಾಜ್ಯಗಳ ಹಂಚಿಕೆಗೇ ಬರೋದಿಲ್ಲ. ನನಗೆ ಅದು ದೊಡ್ಡ ಅನ್ಯಾಯವಾಗಿಯೇ ಕಾಣುತ್ತೆ. ನೀವು ಒಪ್ಪಲೇಬೇಕೆಂದಿಲ್ಲ, ಆದರೆ ಬಿಟ್ಟು ಬರೆಯಬೇಡಿ.

ಪ್ರಶ್ನೆ: ಸಂಸ್ಥೆ ನಿಜಕ್ಕೂ ಪಕ್ಷಾತೀತವೇ ಅಂತ ತಿಳಿಯೋದು ಹೇಗೆ ಮೇಡಂ? ಬೆಂಗಳೂರಿನ ಸಾಮಾಜಿಕ, ಆರ್ಥಿಕ ಅಧ್ಯಯನ ಸಂಸ್ಥೆ ಐಸೆಕ್‌ಗೆ ಸರ್ಕಾರದ ಅನುದಾನವೇ ಬರುತ್ತಲ್ಲ?

ಉತ್ತರ: ಬರುತ್ತೆ. 1972ರಲ್ಲಿ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಕಟ್ಟಿದ ಸಂಸ್ಥೆ ಅದು; ಅನುದಾನ ಇದೆ ಅಂದಮಾತ್ರಕ್ಕೆ ಅದರ ಅಧ್ಯಯನ ತಳ್ಳಿಹಾಕೋದು ತಪ್ಪು. ಸರ್ಕಾರದ ಯೋಜನೆಯನ್ನು ಸರ್ಕಾರದ ದುಡ್ಡಲ್ಲೇ ಮೌಲ್ಯಮಾಪನ ಮಾಡಿದ್ದರೆ ಅಡಿಟಿಪ್ಪಣಿಯಲ್ಲಿ ಹಾಗಂತ ಬರೆಯಿರಿ. ಮುಖ್ಯವಾಗಿ, ಸಮೀಕ್ಷೆಗೆ ಯಾರನ್ನು ಆರಿಸಿದರು, ಯಾವ ವರ್ಷಕ್ಕೆ ಯಾವ ವರ್ಷ ಹೋಲಿಸಿದರು ಅನ್ನೋದನ್ನು ಬಿಚ್ಚಿಟ್ಟಿದ್ದಾರಾ ನೋಡಿ. ಬಿಚ್ಚಿಟ್ಟಿದ್ದರೆ ತಪ್ಪಿದ್ದರೂ ನೀವೇ ಹಿಡಿಯಬಹುದು.

ಇನ್ನೊಂದು ಮಾತು. ಬಜೆಟ್ ವಿಶ್ಲೇಷಣೆಗಳಲ್ಲಿ ಆಯವ್ಯಯ ಅಂದಾಜು, ಪರಿಷ್ಕೃತ ಅಂದಾಜು, ವಾಸ್ತವಿಕ ಲೆಕ್ಕ ಅಂತ ಬೇರೆ ಬೇರೆ ಅಂಕಣ ಇರುತ್ತವೆ. ಒಂದು ವರ್ಷದ ಅಂದಾಜನ್ನು ಇನ್ನೊಂದು ವರ್ಷದ ವಾಸ್ತವಿಕದ ಜೊತೆ ಹೋಲಿಸಬೇಡಿ. ಕೋಷ್ಟಕ ಸಿದ್ಧವಾದ ಮೇಲೆ ಇಲ್ಲೇ ಹಾಕಿ, ನೋಡ್ತೀನಿ.